ಕಾಲು ಹಿಡಿದುಕೊಂಡರೆ ಬಾಳೆಹಣ್ಣು ಸಾಕೇ? ನೋವಿಲ್ಲದ ಸ್ನಾಯು ರೋಗವನ್ನು ಗುರುತಿಸುವುದು ಹೇಗೆ?

'ರಾತ್ರಿ ಮೀನಖಂಡ ಹಿಡಿದುಕೊಂಡರೆ ಅದು ಪೊಟ್ಯಾಸಿಯಂ ಕೊರತೆ. ಒಂದು ಬಾಳೆಹಣ್ಣು ತಿನ್ನಿ, ಸರಿಹೋಗುತ್ತದೆ' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಸುತ್ತುತ್ತಿರುತ್ತದೆ. ರಸಬಾಳೆಯ ಊರಾದ ನಂಜನಗೂಡಿನಲ್ಲಿ ಇದನ್ನು ನಂಬುವುದು ಇನ್ನೂ ಸುಲಭ. ನಂಜನಗೂಡು, ತಿ. ನರಸೀಪುರ ಕಡೆ ಭತ್ತದ ನಾಟಿ ಮಾಡಿ, ಕಬ್ಬು ಕಡಿದು ಬಂದವರಿಗೆ ಕಾಲು ಹಿಡಿದುಕೊಳ್ಳುವುದು ಹೊಸದೇನಲ್ಲ. ಈ ಸಂದೇಶದಲ್ಲಿ ಎಷ್ಟು ಸತ್ಯವಿದೆ ಎಂದು ನೋಡೋಣ. ಜೊತೆಗೆ, ಇಂಥ ಸಂದೇಶಗಳು ಹೇಳದೇ ಬಿಡುವ ಮುಖ್ಯ ವಿಷಯವೊಂದನ್ನೂ ತಿಳಿಯೋಣ.

ಸ್ನಾಯುಗಳಲ್ಲಿ ಎಷ್ಟು ಬಗೆ?

ನಮ್ಮ ದೇಹದಲ್ಲಿ ಮೂರು ಬಗೆಯ ಸ್ನಾಯುಗಳಿವೆ.

1. ಅಸ್ಥಿ ಸ್ನಾಯು: ಮೂಳೆಗೆ ಅಂಟಿಕೊಂಡಿರುತ್ತದೆ, ನಾವು ಹೇಳಿದಂತೆ ಕೇಳುತ್ತದೆ. ಇಂಥವು 600ಕ್ಕೂ ಹೆಚ್ಚಿವೆ.
2. ನಯ ಸ್ನಾಯು: ಜಠರ, ಕರುಳು, ರಕ್ತನಾಳ, ಗರ್ಭಕೋಶಗಳ ಗೋಡೆಯಲ್ಲಿರುತ್ತದೆ. ನಮ್ಮ ಅಪ್ಪಣೆಗೆ ಕಾಯದೆ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ.
3. ಹೃದಯ ಸ್ನಾಯು: ಹೃದಯದಲ್ಲಿ ಮಾತ್ರ ಇದೆ, ಜೀವನಪೂರ್ತಿ ಬಡಿಯುತ್ತದೆ.

'ನರ ಹಿಡ್ಕೊಂಡಿದೆ' ಎಂದು ನಾವು ಹೇಳುವಾಗ ಬಹುತೇಕ ಸಲ ಹಿಡಿದುಕೊಂಡಿರುವುದು ನರವಲ್ಲ, ಅಸ್ಥಿ ಸ್ನಾಯು.

ಬಾಳೆಹಣ್ಣು ಸೆಳೆತ ನಿಲ್ಲಿಸುತ್ತದೆಯೇ?

ಇಲ್ಲ. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 400 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಅದು ಜೀರ್ಣವಾಗಿ ರಕ್ತ ಸೇರುವ ಹೊತ್ತಿಗೆ ಸೆಳೆತ ತಾನಾಗಿಯೇ ಬಿಟ್ಟಿರುತ್ತದೆ. ಹೆಚ್ಚಿನ ಸೆಳೆತಕ್ಕೆ ಪೊಟ್ಯಾಸಿಯಂ ಕೊರತೆ ಕಾರಣವೂ ಅಲ್ಲ. ಸ್ನಾಯುವಿನ ದಣಿವು, ಬಿಸಿಲಿನ ದುಡಿಮೆ, ಗರ್ಭಾವಸ್ಥೆ, ವಯಸ್ಸು, ಕೆಲವು ಔಷಧಿಗಳು ಸಾಮಾನ್ಯ ಕಾರಣಗಳು. ಕಾಲು ನೀಡಿ, ಪಾದದ ಬೆರಳುಗಳನ್ನು ಮಂಡಿಯ ಕಡೆಗೆ ಎಳೆದು ಹಿಡಿಯುವುದೇ ತಕ್ಷಣದ ಉಪಾಯ. ಹಣ್ಣು ತಿನ್ನುವುದರಲ್ಲಿ ತಪ್ಪಿಲ್ಲ. ಆದರೆ ಕಿಡ್ನಿ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಹೆಚ್ಚು ತಿನ್ನಬಾರದು. ಅವರ ದೇಹದಲ್ಲಿ ಪೊಟ್ಯಾಸಿಯಂ ಶೇಖರವಾದರೆ ಹೃದಯಕ್ಕೆ ಅಪಾಯ.

ಮೈಕೈ ನೋವು ರೋಗವೇ?

ಮುಡುಕುತೊರೆ ಬೆಟ್ಟ ಹತ್ತಿಳಿದ ಮಾರನೇ ದಿನ ತೊಡೆ ನೋಯುವುದು ರೋಗವಲ್ಲ. ರೂಢಿಯಿಲ್ಲದ ಶ್ರಮದಿಂದ ಸ್ನಾಯು ಎಳೆಗಳಿಗೆ ಆದ ಸಣ್ಣ ಪೆಟ್ಟು ಅದು. 'ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ' ಎಂಬುದು ಸುಳ್ಳು, ಅದು ಒಂದೆರಡು ಗಂಟೆಯಲ್ಲೇ ಇಳಿದುಹೋಗುತ್ತದೆ. ನೋವು ಒಂದು ವಾರದೊಳಗೆ ಹೋಗಬೇಕು. ಆದರೆ ವಿಪರೀತ ಶ್ರಮದ ಬಳಿಕ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಒಡೆದ ಸ್ನಾಯುವಿನ ಅಂಶ ಕಿಡ್ನಿಯನ್ನು ಕೆಡಿಸಬಲ್ಲದು.

ನೋವಿಲ್ಲ ಎಂದರೆ ತೊಂದರೆಯೂ ಇಲ್ಲವೇ?

ಇಲ್ಲಿಯೇ ನಾವು ಮೋಸ ಹೋಗುವುದು. ಹಲವು ಗಂಭೀರ ಸ್ನಾಯು ರೋಗಗಳಲ್ಲಿ ಮೊದಲು ಕಾಣುವುದು ನೋವಲ್ಲ, ಬಲ ಕುಂದುವುದು. ಮಕ್ಕಳಲ್ಲಿ ಮುಖ್ಯವಾದದ್ದು ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ. ಹುಟ್ಟುವ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಸ್ನಾಯುವನ್ನು ಕಾಪಾಡುವ ಡಿಸ್ಟ್ರೊಫಿನ್ ಎಂಬ ಪ್ರೋಟೀನ್ ಇಲ್ಲದಿರುವುದೇ ಕಾರಣ. 2ರಿಂದ 5 ವರ್ಷದೊಳಗೆ ಹೀಗೆ ಕಾಣಿಸಿಕೊಳ್ಳಬಹುದು:

• ಪದೇ ಪದೇ ಬೀಳುವುದು, ಓಡಲು ಮತ್ತು ಮೆಟ್ಟಿಲು ಹತ್ತಲು ಕಷ್ಟ
• ನೆಲದಿಂದ ಏಳುವಾಗ ಕೈಯನ್ನು ಮಂಡಿ, ತೊಡೆಯ ಮೇಲೆ ಊರಿ ಮೇಲೇರುವುದು
• ತುದಿಗಾಲಿನ ನಡಿಗೆ
• ಮೀನಖಂಡ ದಪ್ಪಗಿರುವುದು

'ಮಗುವಿನ ಕಾಲು ಎಷ್ಟು ಗಟ್ಟಿಮುಟ್ಟಾಗಿದೆ' ಎಂದು ಮನೆಯವರು ಸಂತೋಷಪಡುತ್ತಾರೆ. ಆದರೆ ಆ ದಪ್ಪ ಬಲದ ಗುರುತಲ್ಲ. ಸವೆದ ಸ್ನಾಯುವಿನ ಜಾಗವನ್ನು ಕೊಬ್ಬು ಮತ್ತು ನಾರು ತುಂಬುತ್ತಿರುತ್ತವೆ.

ಇದು ಶಾಪವಲ್ಲ, ನಾಗದೋಷವಲ್ಲ, ತಾಯಿಯ ತಪ್ಪೂ ಅಲ್ಲ. ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ವಂಶವಾಹಿಯ ದೋಷ ಹೊಸದಾಗಿಯೇ ಹುಟ್ಟಿರುತ್ತದೆ. ರಕ್ತಸಂಬಂಧದ ಮದುವೆಯೂ ಡುಶೆನ್‌ಗೆ ಕಾರಣವಲ್ಲ. ಆದರೆ ಸೊಂಟ, ಭುಜದ ಸ್ನಾಯು ಕ್ಷೀಣಿಸುವ ಬೇರೆ ಕೆಲವು ರೋಗಗಳ ಸಾಧ್ಯತೆ ಸೋದರಮಾವ, ಅತ್ತೆ ಮಕ್ಕಳ ಮದುವೆಗಳಲ್ಲಿ ಹೆಚ್ಚು.

ಏನು ಮಾಡಬೇಕು?

ಎಣ್ಣೆ ತಿಕ್ಕುತ್ತಾ ವರ್ಷ ಕಳೆಯಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ಸಿಕೆ ಎಂಬ ರಕ್ತಪರೀಕ್ಷೆಯ ಬಗ್ಗೆ ಕೇಳಿ. ಡುಶೆನ್ ಇದ್ದರೆ ಅದರ ಮಟ್ಟ ಹತ್ತಾರು ಪಟ್ಟು ಏರಿರುತ್ತದೆ. ಬಳಿಕ ವಂಶವಾಹಿ ಪರೀಕ್ಷೆಯಿಂದ ರೋಗ ಖಚಿತವಾಗುತ್ತದೆ. ಇಂಥ ರೋಗಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಜ್ಞರಿದ್ದಾರೆ. ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಆದರೂ ಸ್ಟೀರಾಯ್ಡ್, ಫಿಸಿಯೋಥೆರಪಿ, ಹೃದಯ ಮತ್ತು ಉಸಿರಾಟದ ನಿಗಾ ಸಕಾಲದಲ್ಲಿ ಸಿಕ್ಕರೆ ಮಗು ಹೆಚ್ಚು ವರ್ಷ ನಡೆಯಬಲ್ಲದು, ಹೆಚ್ಚು ವರ್ಷ ಬದುಕಬಲ್ಲದು. ತಾಯಿಯ ಪರೀಕ್ಷೆಯಾದರೆ ಮುಂದಿನ ಮಗುವಿನ ಬಗ್ಗೆಯೂ ಸಲಹೆ ಪಡೆಯಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೊಫಿಯೂ ಸೇರಿದೆ. ಹಾಗಾಗಿ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು.

ದೊಡ್ಡವರಲ್ಲೂ ಸಂಜೆಯಾದಂತೆ ರೆಪ್ಪೆ ಜೋತುಬೀಳುವುದು, ಕುಳಿತಲ್ಲಿಂದ ಏಳಲಾಗದಿರುವುದು, ತಲೆ ಬಾಚಲು ಕೈ ಎತ್ತಲಾಗದಿರುವುದು ಕಂಡರೆ ವೈದ್ಯರನ್ನು ಕಾಣಿ. ಉಸಿರಾಡಲು ಅಥವಾ ನುಂಗಲು ಕಷ್ಟವಾದರೆ ಅದು ತುರ್ತು ಸ್ಥಿತಿ.

ನೆನಪಿಡಿ: ದುಡಿದ ಸ್ನಾಯು ನೋಯುವುದು ಸಹಜ. ನೋವಿಲ್ಲದೆ ಸೋಲುವ ಸ್ನಾಯುವನ್ನು ಕಡೆಗಣಿಸಬೇಡಿ.