ಗಣಕಯಂತ್ರದ ನೆನಪು: ಮ್ಯಾಂಚೆಸ್ಟರಿನಿಂದ ನಮ್ಮ ಸಂಘದ ಕೋಣೆಯವರೆಗೆ

(ಸಂಘದ ಮಾಸಿಕ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತು ಬರುತ್ತದೆಂದು ಸಭಿಕರು ನಿರೀಕ್ಷಿಸುವುದು ಸಹಜ. ಇಂದು ಆ ಮಾತು ಬೇಡ. ನಮ್ಮ ಊರಿನ ಕನ್ನಡ ಸಂಘದಲ್ಲಿರುವ ಹಳೆಯ ಗಣಕಯಂತ್ರವೊಂದಕ್ಕೆ ನಾವು ಮಾಡಿದ ಚಿಕಿತ್ಸೆಯನ್ನೂ, ಆ ನೆಪದಲ್ಲಿ ಓದಿ ತಿಳಿದ ಇತಿಹಾಸವನ್ನೂ ತಮ್ಮ ಮುಂದಿಡಲು ಬಯಸುತ್ತೇವೆ.

ನಮ್ಮ ಸಂಘಕ್ಕೆ ಈಗ ಮೂರು ದಶಕಗಳಿಗೂ ಮೀರಿದ ವಯಸ್ಸು. ಆರಂಭದ ದಿನಗಳ ರಾಜ್ಯೋತ್ಸವ, ಯುಗಾದಿ ಕಾರ್ಯಕ್ರಮಗಳನ್ನು ಆಗಿನ ಸದಸ್ಯರು ವಿಡಿಯೋ ಟೇಪುಗಳಲ್ಲಿ ಚಿತ್ರೀಕರಿಸಿ ಇಟ್ಟಿದ್ದಾರೆ. ಅಂಥ ಟೇಪುಗಳು ಎರಡು ಪೆಟ್ಟಿಗೆ ತುಂಬ ಇವೆ. ಅವುಗಳಲ್ಲಿ ಹಾಡಿದವರು, ನಟಿಸಿದವರು, ಸ್ವಾಗತ ಭಾಷಣ ಮಾಡಿದವರು ಅನೇಕರು ಇಂದು ನಮ್ಮೊಡನಿಲ್ಲ. ಟೇಪುಗಳಿಗೂ ಮುಪ್ಪು ಬಂದಿದೆ. ಕೆಲವನ್ನು ಒಂದೆರಡು ಬಾರಿಗಿಂತ ಹೆಚ್ಚು ಓಡಿಸುವಂತಿಲ್ಲ. ಅವನ್ನು ಗಣಕಕ್ಕೆ ಇಳಿಸುವ ಹೊಣೆಯನ್ನು ಕಾರ್ಯಕಾರಿ ಸಮಿತಿಯು ನಮಗೂ ಇಬ್ಬರು ತರುಣ ಸದಸ್ಯರಿಗೂ ಒಪ್ಪಿಸಿತು.

ಸಂಘದಲ್ಲಿದ್ದದ್ದು 2012ರ ಸುಮಾರಿನ ಒಂದು ವರ್ಕ್‌ಸ್ಟೇಷನ್. ಸಾಮಾನ್ಯ ಮೇಜಿನ ಗಣಕಕ್ಕಿಂತ ಗಟ್ಟಿಮುಟ್ಟಾಗಿ, ಎಂಜಿನಿಯರುಗಳಿಗಾಗಿ ಕಟ್ಟಿದ ಯಂತ್ರ. ಸದಸ್ಯರೊಬ್ಬರ ಕಚೇರಿಯಲ್ಲಿ ತೆಗೆದುಹಾಕಿದ್ದನ್ನು ಅವರು ಸಂಘಕ್ಕೆ ಕೊಟ್ಟಿದ್ದರು. ಮೊದಲ ಕೆಲವು ಟೇಪುಗಳು ಹೇಗೋ ಇಳಿದವು. ಮಂಡ್ಯದ ಕಡೆಯ ಅಜ್ಜಿಯೊಬ್ಬರು ಸೋಬಾನೆ ಹಾಡಿದ ಟೇಪನ್ನು ಹಾಕಿದಾಗ, ಅರ್ಧದಲ್ಲಿ ಯಂತ್ರವು ಮರಗಟ್ಟಿ ನಿಂತಿತು. ಮತ್ತೆ ಮೊದಲಿನಿಂದ ಓಡಿಸಿದೆವು. ಈ ಬಾರಿ ಟೇಪು ಸುರುಳಿಯಲ್ಲಿ ಸಿಕ್ಕಿ ಹರಿಯಿತು. ಹಾಡಿನ ಏಳು ನಿಮಿಷಗಳಷ್ಟು ಭಾಗ ಕೈತಪ್ಪಿಹೋಯಿತು. ಆ ಅಜ್ಜಿ ತೀರಿಕೊಂಡು ಹನ್ನೆರಡು ವರ್ಷಗಳಾಗಿವೆ.

ಮುಂದಿನ ಸಭೆಯಲ್ಲಿ, ಹಳೆಯ ಯಂತ್ರವನ್ನು ಎಸೆದು ಹೊಸದನ್ನು ಕೊಳ್ಳಬೇಕೆಂಬ ಸಲಹೆ ಬಂದಿತು. ಅಲ್ಲೊಂದು ತೊಡಕಿತ್ತು. ಟೇಪುಗಳನ್ನು ಓದಿಸಿಕೊಳ್ಳುವ ಕಾರ್ಡು ಈ ಯಂತ್ರದೊಳಗಿತ್ತು. ಅದನ್ನು ನಡೆಸುವ ತಂತ್ರಾಂಶವನ್ನು ತಯಾರಕರು ಹೊಸ ಗಣಕಗಳಿಗಾಗಿ ಸಿದ್ಧಪಡಿಸಲೇ ಇಲ್ಲ. ಔಷಧ ಬರೆಯುವ ಮುನ್ನ ರೋಗವೇನೆಂದು ತಿಳಿಯಬೇಕೆಂಬುದು ನಮ್ಮ ವೃತ್ತಿಯ ಮೊದಲ ಪಾಠ. ಆದ್ದರಿಂದ ಒಂದು ವಾರ ಕಾಲಾವಕಾಶ ಕೇಳಿದೆವು.

ರೋಗಲಕ್ಷಣ ಸ್ಪಷ್ಟವಾಗಿತ್ತು. ಯಂತ್ರವು ನಿಧಾನವಾದಾಗಲೆಲ್ಲ ಹಾರ್ಡ್ ಡಿಸ್ಕಿನ ದೀಪವು ಎಡೆಬಿಡದೆ ಉರಿಯುತ್ತಿತ್ತು. ಇದರ ಅರ್ಥವನ್ನು ಮದುವೆಮನೆಯ ಅಡುಗೆಯಿಂದ ವಿವರಿಸಬಹುದು. ಉಗ್ರಾಣವು ದೊಡ್ಡದಾಗಿರುತ್ತದೆ, ಅಲ್ಲಿ ಎಲ್ಲವೂ ಇರುತ್ತದೆ. ಆದರೆ ಅಡುಗೆಭಟ್ಟರು ಕೆಲಸ ಮಾಡುವುದು ಒಲೆಯ ಬಳಿಯ ಕಟ್ಟೆಯ ಮೇಲೆ. ಕಟ್ಟೆ ಚಿಕ್ಕದಾದರೆ, ಭಟ್ಟರು ಎಷ್ಟೇ ಚುರುಕಾಗಿದ್ದರೂ ಪ್ರತಿಯೊಂದು ಪದಾರ್ಥಕ್ಕೂ ಉಗ್ರಾಣಕ್ಕೆ ಓಡಿ ಬರಬೇಕು. ಗಣಕದಲ್ಲಿ ಹಾರ್ಡ್ ಡಿಸ್ಕ್ ಉಗ್ರಾಣ, ಪ್ರೊಸೆಸರ್ ಭಟ್ಟರು, ರ‍್ಯಾಮ್ ಎಂದು ಕರೆಯುವ ಮೆಮರಿ ಆ ಕಟ್ಟೆ. ನಮ್ಮ ಭಟ್ಟರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಕಟ್ಟೆ ಸಾಲದಾಗಿತ್ತು.

ಈ ಕಟ್ಟೆಯ ಕೊರತೆ ಗಣಕಯಂತ್ರದಷ್ಟೇ ಹಳೆಯದು. 1948ರ ಜೂನ್ 21ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 'ಬೇಬಿ' ಎಂಬ ಅಡ್ಡಹೆಸರಿನ ಯಂತ್ರವು, ತನ್ನದೇ ಸ್ಮೃತಿಯಲ್ಲಿಟ್ಟ ಕ್ರಮವಿಧಿಯನ್ನು ಮೊಟ್ಟಮೊದಲ ಬಾರಿಗೆ ನಡೆಸಿತು. ಅದರ ಮೆಮರಿ ಕೇವಲ 1024 ಬಿಟ್‌ಗಳು. ಫ್ರೆಡರಿಕ್ ವಿಲಿಯಮ್ಸ್ ಮತ್ತು ಟಾಮ್ ಕಿಲ್ಬರ್ನ್ ಅದನ್ನು ಟೆಲಿವಿಷನ್ನಿನಂಥ ಗಾಜಿನ ಕೊಳವೆಯ ಪರದೆಯ ಮೇಲೆ ವಿದ್ಯುತ್ತಿನ ಚುಕ್ಕೆಗಳಾಗಿ ಇಟ್ಟಿದ್ದರು. ಆ ಚುಕ್ಕೆಗಳು ಕ್ಷಣಮಾತ್ರದಲ್ಲಿ ಮಾಸಿಹೋಗುತ್ತಿದ್ದವು. ಆದ್ದರಿಂದ ಯಂತ್ರವು ಅವನ್ನು ಓದಿ, ಮತ್ತೆ ಬರೆದು, ಮತ್ತೆ ಓದಿ ಉಳಿಸಿಕೊಳ್ಳಬೇಕಾಗಿತ್ತು. ಮರುವರ್ಷ, 1949ರಲ್ಲಿ, ಕೇಂಬ್ರಿಜ್‌ನ ಎಡ್ಸ್ಯಾಕ್ ಯಂತ್ರವು ಬೇರೊಂದು ದಾರಿ ಹಿಡಿಯಿತು. ಪಾದರಸ ತುಂಬಿದ ಕೊಳವೆಯ ಒಂದು ತುದಿಯಿಂದ ಶಬ್ದದ ಅಲೆಗಳನ್ನು ಕಳಿಸಿ, ಇನ್ನೊಂದು ತುದಿಯಲ್ಲಿ ಹಿಡಿದು, ಮತ್ತೆ ಮೊದಲ ತುದಿಗೇ ಒಪ್ಪಿಸುವುದು. ಅಲೆಯು ಸುತ್ತುತ್ತಿರುವಷ್ಟು ಕಾಲ ಮಾತ್ರ ನೆನಪು.

ಅಮೆರಿಕದ ಎಂಐಟಿಯಲ್ಲಿ ವರ್ಲ್‌ವಿಂಡ್ ಎಂಬ ಯಂತ್ರಕ್ಕೆ ಗಾಜಿನ ಕೊಳವೆಗಳ ಸ್ಮೃತಿಯಿಂದ ತೊಂದರೆ ತಪ್ಪಿರಲಿಲ್ಲ. ಅಲ್ಲಿ ಜೇ ಫಾರೆಸ್ಟರ್ ಅವರ ತಂಡವು 1953ರಲ್ಲಿ ಕಾಂತೀಯ ಉಂಗುರಗಳ ಮೆಮರಿಯನ್ನು ಅಳವಡಿಸಿತು. ಸಾಸಿವೆಯಂಥ ಸಣ್ಣ ಉಂಗುರಗಳ ಒಳಗೆ, ಇಳಕಲ್ಲಿನ ಮಗ್ಗದಲ್ಲಿ ಹಾಸು ಹೊಕ್ಕುಗಳಿರುವಂತೆ, ಉದ್ದಕ್ಕೂ ಅಡ್ಡಕ್ಕೂ ತಂತಿಗಳನ್ನು ಪೋಣಿಸುತ್ತಿದ್ದರು. ಒಂದು ಹಾಸು, ಒಂದು ಹೊಕ್ಕು ಕೂಡುವ ಜಾಗದ ಉಂಗುರ ಮಾತ್ರ ತನ್ನ ಕಾಂತತ್ವದ ದಿಕ್ಕನ್ನು ಬದಲಿಸುತ್ತಿತ್ತು. ವಿದ್ಯುತ್ ನಿಂತರೂ ಅದು ಮರೆಯುತ್ತಿರಲಿಲ್ಲ. ಆದರೆ ಅದಕ್ಕೊಂದು ದೋಷವಿತ್ತು: ಓದಿದರೆ ಅಳಿಸಿಹೋಗುತ್ತಿತ್ತು. ಓದಿದೊಡನೆ ಮತ್ತೆ ಬರೆದುಬಿಡುವ ಉಪಾಯವನ್ನು ಕಂಡುಹಿಡಿದವರು ಆನ್ ವಾಂಗ್. ಇವರು ಶಾಂಘೈಯಲ್ಲಿ ಹುಟ್ಟಿ, 1945ರಲ್ಲಿ ಅಮೆರಿಕಕ್ಕೆ ಬಂದು, ಹಾರ್ವರ್ಡ್‌ನಲ್ಲಿ ಓದಿದವರು. 1951ರಲ್ಲಿ ತಮ್ಮದೇ ಸಂಸ್ಥೆಯನ್ನು ಕಟ್ಟಿ, 1956ರಲ್ಲಿ ಆ ಪೇಟೆಂಟನ್ನು ಐಬಿಎಂ ಸಂಸ್ಥೆಗೆ ಐದು ಲಕ್ಷ ಡಾಲರಿಗೆ ಮಾರಿದರು. ಪರದೇಶಕ್ಕೆ ಬಂದು ನೆಲೆಯೂರಿದ ನಮ್ಮಂಥವರಿಗೆ ಈ ಹೆಸರು ನೆನಪಿನಲ್ಲಿರಲಿ. ಮುಂದೆ ಮತ್ತೊಮ್ಮೆ ಬರುತ್ತದೆ.

ಕಟ್ಟೆ ಸಾಲದೆ ಹೋದರೆ ಏನಾಗಬಹುದೆಂಬುದಕ್ಕೆ ಜಗತ್ತೇ ಕಂಡ ಉದಾಹರಣೆ 1969ರ ಜುಲೈ 20ರದು. ಅಪೋಲೋ 11ರ ಗಣಕಕ್ಕೆ ಬರೆದು ಅಳಿಸಬಲ್ಲ ಸ್ಮೃತಿ ಇದ್ದದ್ದು 2048 ಪದಗಳಷ್ಟು. ಕ್ರಮವಿಧಿಗಳನ್ನು ಅಳಿಸಲಾಗದಂತೆ, ಮ್ಯಾಸಚೂಸೆಟ್ಸ್‌ನ ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳು ಉಂಗುರಗಳ ಒಳಗೂ ಹೊರಗೂ ತಂತಿ ನೇಯ್ದು ಕೊಟ್ಟಿದ್ದರು. ಚಂದ್ರನ ಮೇಲಿಳಿಯಲು ಕೆಲವೇ ನಿಮಿಷಗಳಿದ್ದಾಗ 1202 ಎಂಬ ಎಚ್ಚರಿಕೆ ಮೂಡಿತು. ರಾಡಾರಿನಿಂದ ಬರುತ್ತಿದ್ದ ಅನಗತ್ಯ ಸಂಕೇತಗಳು ಗಣಕದ ಸಮಯವನ್ನು ಕಬಳಿಸಿ, ಮುಗಿಯದ ಕೆಲಸಗಳು ಒಂದರ ಮೇಲೊಂದು ಬಿದ್ದು, ಹೊಸ ಕೆಲಸಕ್ಕೆ ಮೆಮರಿಯಲ್ಲಿ ಜಾಗವೇ ಉಳಿಯಲಿಲ್ಲ ಎಂಬುದು ಆ ಎಚ್ಚರಿಕೆಯ ಅರ್ಥ. ಕ್ರಮವಿಧಿ ಬರೆದವರು ದೂರದೃಷ್ಟಿಯುಳ್ಳವರಾಗಿದ್ದರು. ಗಣಕವು ತಾನೇ ಮರುಪ್ರಾರಂಭಗೊಂಡು, ಮುಖ್ಯವಲ್ಲದ್ದನ್ನು ಕೈಬಿಟ್ಟು, ಇಳಿಸುವ ಕೆಲಸವನ್ನು ಮಾತ್ರ ಮುಂದುವರಿಸಿತು.

ಅಷ್ಟರಲ್ಲಿ ಉಂಗುರಗಳ ಕಾಲ ಮುಗಿಯುತ್ತ ಬಂದಿತ್ತು. ಐಬಿಎಂನ ರಾಬರ್ಟ್ ಡೆನಾರ್ಡ್ 1966ರಲ್ಲಿ, ಒಂದು ಬಿಟ್ಟಿಗೆ ಒಂದೇ ಟ್ರಾನ್ಸಿಸ್ಟರು, ಒಂದೇ ಕೆಪ್ಯಾಸಿಟರು ಸಾಕೆಂದು ಯೋಚಿಸಿದರು. 1968ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. 1970ರಲ್ಲಿ ಇಂಟೆಲ್ ಸಂಸ್ಥೆಯು 1103 ಎಂಬ ಚಿಪ್ಪನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಒಂದು ಬಿಟ್ಟಿಗೆ ಮೂರು ಟ್ರಾನ್ಸಿಸ್ಟರುಗಳಿದ್ದವು. ಡೆನಾರ್ಡ್ ಅವರ ಒಂಟಿ ಟ್ರಾನ್ಸಿಸ್ಟರಿನ ಕೋಶವು ಮುಂದಿನ ಕೆಲವೇ ವರ್ಷಗಳಲ್ಲಿ ನೆಲೆಯೂರಿತು. 1103ರ ಸಾಮರ್ಥ್ಯ 1024 ಬಿಟ್‌ಗಳು. ಇಪ್ಪತ್ತೆರಡು ವರ್ಷಗಳ ಹಿಂದೆ ಮ್ಯಾಂಚೆಸ್ಟರಿನ ಯಂತ್ರದಲ್ಲಿದ್ದ ಅಷ್ಟೂ ನೆನಪು ಒಂದು ಚಿಪ್ಪಿನೊಳಗೆ ಸೇರಿತ್ತು.

ಇಂದಿಗೂ ನಮ್ಮ ಗಣಕಗಳಲ್ಲಿರುವುದು ಡೆನಾರ್ಡ್ ಅವರ ಕೋಶವೇ. ಅವರು 2024ರಲ್ಲಿ ನಿಧನರಾದರು. ಈ ಕೋಶವು ಸೋರುವ ಕೊಡ. ತುಂಬಿದ ವಿದ್ಯುತ್ತು ಸದ್ದಿಲ್ಲದೆ ಜಿನುಗಿಹೋಗುತ್ತದೆ. ಆದ್ದರಿಂದ 64 ಮಿಲಿಸೆಕೆಂಡುಗಳಿಗೊಮ್ಮೆ ಪ್ರತಿಯೊಂದು ಕೋಶವನ್ನೂ ಓದಿ ಮತ್ತೆ ತುಂಬಬೇಕು. ಆರೋಗ್ಯವಂತರ ಹೃದಯವು ಒಮ್ಮೆ ಬಡಿದು ಇನ್ನೊಮ್ಮೆ ಬಡಿಯುವುದರೊಳಗೆ ಮೆಮರಿಯ ಇಡೀ ಊರಿಗೆ ಹತ್ತಕ್ಕೂ ಹೆಚ್ಚು ಸಲ ನೀರು ಹೊತ್ತಂತಾಯಿತು. ಮ್ಯಾಂಚೆಸ್ಟರಿನ ಪರದೆಯ ಚುಕ್ಕೆಗಳಿಗೆ ಮಾಡುತ್ತಿದ್ದ ಉಪಚಾರವೇ ಇದು.

1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರ ಕನಿಷ್ಠ ಮೆಮರಿ 16 ಕಿಲೋಬೈಟ್. ಹೆಚ್ಚಿಸಬೇಕಾದರೆ ಚಿಪ್ಪುಗಳನ್ನು ಒಂದೊಂದಾಗಿ, ಕಾಲು ಮುರಿಯದಂತೆ, ಹಲಗೆಗೆ ಒತ್ತಿ ಕೂರಿಸಬೇಕಾಗಿತ್ತು. 1983ರಲ್ಲಿ ಚಿಪ್ಪುಗಳನ್ನೆಲ್ಲ ಒಂದು ಚಿಕ್ಕ ಪಟ್ಟಿಯ ಮೇಲೆ ಜೋಡಿಸಿ, ಪಟ್ಟಿಯನ್ನೇ ಸ್ಲಾಟಿಗೆ ಸಿಕ್ಕಿಸುವ ವಿಧಾನ ಹುಟ್ಟಿತು. ಅದು ಹುಟ್ಟಿದ್ದು ವಾಂಗ್ ಲ್ಯಾಬೊರೇಟರೀಸ್‌ನಲ್ಲಿ, ಆನ್ ವಾಂಗ್ ಕಟ್ಟಿದ ಅದೇ ಸಂಸ್ಥೆಯಲ್ಲಿ. ಮನೆಯಲ್ಲೇ ಕುಳಿತು ಮೆಮರಿಯನ್ನು ಹೆಚ್ಚಿಸಿಕೊಳ್ಳುವ ಭಾಗ್ಯ ನಮ್ಮಂಥ ಸಾಮಾನ್ಯರಿಗೆ ದೊರೆತದ್ದು ಈ ಪಟ್ಟಿಯಿಂದ.

ಪಟ್ಟಿಗಳಲ್ಲೂ ಪೀಳಿಗೆಗಳಿವೆ. ಡಿಡಿಆರ್ ಮಾನದಂಡವು 2000ದಲ್ಲಿ, ಎರಡನೆಯದು 2003ರಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2012ರಲ್ಲಿ, ಐದನೆಯದು 2020ರಲ್ಲಿ ಪ್ರಕಟವಾದವು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ತಪ್ಪಿಯೂ ಕೂರದಿರಲೆಂದು ಪಟ್ಟಿಯ ಅಂಚಿನ ಕಚ್ಚನ್ನು ಬೇರೆ ಬೇರೆ ಕಡೆ ಇಟ್ಟಿದ್ದಾರೆ. ನಮ್ಮ ಯಂತ್ರಕ್ಕೆ ಬೇಕಾದದ್ದು ಮೂರನೆಯ ಪೀಳಿಗೆಯದು.

ಗೋಡೆಯ ಪ್ಲಗ್ ತೆಗೆದು, ಮೈಯಲ್ಲಿನ ಸ್ಥಿರವಿದ್ಯುತ್ತು ಇಳಿಯಲೆಂದು ಪೆಟ್ಟಿಗೆಯ ಲೋಹವನ್ನು ಮುಟ್ಟಿ, ಮುಚ್ಚಳ ತೆಗೆದೆವು. ಎಂಟು ಸ್ಲಾಟುಗಳಲ್ಲಿ ಆರು ಖಾಲಿ! ನಾಲ್ಕು ಗಿಗಾಬೈಟಿನ ಎರಡೇ ಪಟ್ಟಿಗಳಿದ್ದವು. ಪ್ರೊಸೆಸರಿನಿಂದ ಮೆಮರಿಗೆ ನಾಲ್ಕು ದಾರಿಗಳಿದ್ದರೂ ಸಂಚಾರ ಎರಡರಲ್ಲೇ ನಡೆಯುತ್ತಿತ್ತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ಯಂತ್ರವನ್ನು ಬೈದವರೇ ಎಲ್ಲ, ಒಳಗೆ ಇಣುಕಿದವರು ಯಾರೂ ಇಲ್ಲ.

ನಾವೂ ತಪ್ಪು ಮಾಡಿದೆವು. ದೊಡ್ಡ ಸರ್ವರ್‌ಗಳಿಂದ ತೆಗೆದ ಪಟ್ಟಿಗಳು ಅಗ್ಗವಾಗಿ ದೊರೆಯುತ್ತವೆಂದು ತರಿಸಿಕೊಂಡೆವು. ಕಚ್ಚು ಸರಿಹೊಂದಿತು; ಯಂತ್ರ ಮಾತ್ರ ಕೀಕ್ ಕೀಕ್ ಎಂದು ಕೂಗಿ, ಕೆಂಪು ದೀಪ ಮಿನುಗಿಸಿ, ಏಳಲೊಲ್ಲೆನೆಂದಿತು. ಸರ್ವರ್ ಪಟ್ಟಿಗಳಲ್ಲಿ ರಿಜಿಸ್ಟರ್ ಎಂಬ ಹೆಚ್ಚುವರಿ ಚಿಪ್ಪೊಂದು ನಡುವೆ ನಿಂತು ಸಂಕೇತಗಳನ್ನು ದಾಟಿಸುತ್ತದೆ. ನಮ್ಮ ಯಂತ್ರಕ್ಕೆ ಆ ಮಧ್ಯಸ್ಥನಿಲ್ಲದ ಪಟ್ಟಿಯೇ ಬೇಕೆಂದು ಕೈಪಿಡಿಯಲ್ಲಿ ಬರೆದಿತ್ತು. ಕೈಪಿಡಿಯನ್ನು ನಾವು ಓದಿದ್ದು ಆಮೇಲೆ. ಮಾಡಿದ್ದುಣ್ಣೋ ಮಹಾರಾಯ!

ಎರಡನೆಯ ಸಲ ಸರಿಯಾದ ಆರು ಪಟ್ಟಿಗಳನ್ನು ತರಿಸಿ ಕೂರಿಸಿದೆವು. 8 ಗಿಗಾಬೈಟ್ ಇದ್ದದ್ದು 32 ಆಯಿತು. ಟೇಪು ಹಾಕುವ ಆತುರವನ್ನು ತಡೆದುಕೊಂಡು, ರಾತ್ರಿಯಿಡೀ ಮೆಮರಿ ಪರೀಕ್ಷೆಯ ತಂತ್ರಾಂಶವನ್ನು ಓಡಿಸಿದೆವು. ಬೆಳಗಾಗುವಷ್ಟರಲ್ಲಿ ಒಂದು ಪಟ್ಟಿ ದೋಷ ತೋರಿಸಿತ್ತು. ಅದನ್ನು ಹಿಂದಿರುಗಿಸಿ ಬೇರೆಯದನ್ನು ಪಡೆದೆವು.

ಈ ಪರೀಕ್ಷೆ ಏಕೆ ಮುಖ್ಯವೆಂಬುದಕ್ಕೂ ಒಂದು ಇತಿಹಾಸವಿದೆ, ಅದು ವೈದ್ಯರಾದ ನಮಗೆ ಹತ್ತಿರದ್ದು. 1970ರ ದಶಕದ ಕೊನೆಯಲ್ಲಿ ಮೆಮರಿ ಚಿಪ್ಪುಗಳಲ್ಲಿ ಕಾರಣವೇ ತಿಳಿಯದ ತಪ್ಪುಗಳು ಕಾಣಿಸಿಕೊಂಡವು. ಚಿಪ್ಪಿನ ಪಿಂಗಾಣಿ ಕವಚದಲ್ಲಿದ್ದ ಅತ್ಯಲ್ಪ ವಿಕಿರಣಶೀಲ ಧಾತುಗಳಿಂದ ಹೊಮ್ಮುವ ಆಲ್ಫಾ ಕಣಗಳೇ ಕಾರಣವೆಂದು 1978ರಲ್ಲಿ ಇಂಟೆಲ್‌ನ ತಿಮೋತಿ ಮೇ ಮತ್ತು ಮರ್ರೆ ವುಡ್ಸ್ ತೋರಿಸಿಕೊಟ್ಟರು. ಒಂದು ಕಣ ಬಡಿದರೆ ಸೊನ್ನೆಯು ಒಂದಾಗಬಹುದು, ಒಂದು ಸೊನ್ನೆಯಾಗಬಹುದು, ಯಾರಿಗೂ ತಿಳಿಯುವುದಿಲ್ಲ. ಇದಕ್ಕೆ ಮದ್ದು ಅದಕ್ಕೂ ಮೊದಲೇ ಸಿದ್ಧವಾಗಿತ್ತು. ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಸಂಕೇತಕ್ರಮವೇ ಅದರ ಮೂಲ. 64 ಬಿಟ್‌ಗಳ ಜೊತೆಗೆ 8 ಕಾವಲು ಬಿಟ್‌ಗಳನ್ನಿಟ್ಟರೆ, ಒಂದು ಬಿಟ್ ಕೆಟ್ಟಾಗ ಗಣಕವು ತಾನೇ ತಿದ್ದಿಕೊಳ್ಳುತ್ತದೆ. ಎರಡು ಕೆಟ್ಟರೆ ಎಚ್ಚರಿಸುತ್ತದೆ. ವರ್ಕ್‌ಸ್ಟೇಷನ್‌ಗಳಲ್ಲಿ ಈ ಕಾವಲನ್ನು ಇಟ್ಟಿರುತ್ತಾರೆ. ಸಾಮಾನ್ಯ ಪಟ್ಟಿಯ ಒಂದು ಬದಿಗೆ ಎಂಟು ಚಿಪ್ಪುಗಳಿರುವಲ್ಲಿ ಇಂಥ ಪಟ್ಟಿಯಲ್ಲಿ ಒಂಬತ್ತಿರುವುದು ವಾಡಿಕೆ. ಒಮ್ಮೆ ಮಾತ್ರ ಓಡಬಲ್ಲ ಟೇಪನ್ನು ಇಳಿಸಿಕೊಳ್ಳುವವರಿಗೆ ಆ ಒಂಬತ್ತನೆಯ ಚಿಪ್ಪು ದುಬಾರಿಯಲ್ಲ.

ಆ ದಿನದಿಂದ ಯಂತ್ರವು ಒಮ್ಮೆಯೂ ಮರಗಟ್ಟಿಲ್ಲ. ಮೊದಲನೆಯ ಪೆಟ್ಟಿಗೆ ಮುಗಿದಿದೆ; ಎರಡನೆಯದು ನಡೆಯುತ್ತಿದೆ. ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಮೆಮರಿ ಎಷ್ಟೇ ಇದ್ದರೂ ಅದು ಕೆಲಸದ ಕಟ್ಟೆ ಮಾತ್ರ. ವಿದ್ಯುತ್ ನಿಂತರೆ ಅದಕ್ಕೆ ಏನೂ ನೆನಪಿರುವುದಿಲ್ಲ. ಆದ್ದರಿಂದ ಇಳಿಸಿದ ಪ್ರತಿಯೊಂದು ಟೇಪಿನ ಮೂರು ಪ್ರತಿಗಳನ್ನು ಮೂರು ಮನೆಗಳಲ್ಲಿಟ್ಟಿದ್ದೇವೆ. ವರ್ಷಕ್ಕೊಮ್ಮೆ ಅವನ್ನು ತೆರೆದು, ನೋಡಿ, ಹೊಸದಾಗಿ ನಕಲು ಮಾಡಬೇಕೆಂದು ಸಮಿತಿಯ ನಡವಳಿ ಪುಸ್ತಕದಲ್ಲಿ ಬರೆಸಿದ್ದೇವೆ. 1948ರಿಂದ ಗಣಕಯಂತ್ರವು ಕಲಿತ ಪಾಠವೂ ಇದೇ ಅಲ್ಲವೆ? ಓದಿ ಮತ್ತೆ ಬರೆಯದೆ ಹೋದದ್ದು ಉಳಿಯುವುದಿಲ್ಲ.

ಆ ಅಜ್ಜಿಯ ಹಾಡಿನ ಏಳು ನಿಮಿಷಗಳು ಹಿಂದಿರುಗಲಿಲ್ಲ. ಅವರ ಸೊಸೆಯನ್ನು ಕೇಳಿದೆವು. ಅವರಿಗೆ ಎರಡು ನುಡಿಗಳು ಮಾತ್ರ ನೆನಪಿದ್ದವು; ಹಾಡಿಸಿ ಮುದ್ರಿಸಿಕೊಂಡೆವು. ಉಳಿದ ನುಡಿಗಳು ಯಾರಿಗೂ ಬಾರವು.

ನಿಮ್ಮ ಸಂಘದಲ್ಲೂ ಇಂಥ ಪೆಟ್ಟಿಗೆಗಳಿರಬಹುದು, ಮೂಲೆಯಲ್ಲಿ ಒಂದು ಹಳೆಯ ಗಣಕವೂ ಇರಬಹುದು. ಎಸೆಯುವ ಮುನ್ನ ಒಮ್ಮೆ ಮುಚ್ಚಳ ತೆಗೆದು ನೋಡಿರಿ. ಕೈಪಿಡಿಯನ್ನು ಮೊದಲು ಓದಿರಿ. ಟೇಪುಗಳನ್ನು ಮಾತ್ರ ಮುಂದಿನ ರಾಜ್ಯೋತ್ಸವದವರೆಗೆ ಕಾಯಿಸಬೇಡಿರಿ.