ಸ್ವರ್ಣ ಕಮಲ ಮತ್ತು ಸಣ್ಣ ಪುಸ್ತಕ: ಒಂದು ಟಿಪ್ಪಣಿ

ಬೆಂಗಳೂರಿನ ಮೈಸೂರು ಬ್ಯಾಂಕ್ ವೃತ್ತದಲ್ಲಿ ಎರಡು ರಸ್ತೆಗಳು ಸೇರುತ್ತವೆ. ಮೆಜೆಸ್ಟಿಕ್ ಕಡೆಗೆ ಹೊರಟ ಕೆಂಪೇಗೌಡ ರಸ್ತೆ ಒಂದು ಕಾಲಕ್ಕೆ ಚಿತ್ರಮಂದಿರಗಳ ಸಾಲು. ಸಿಟಿ ಮಾರ್ಕೆಟ್ ಕಡೆಗೆ ಇಳಿಯುವ ಅವೆನ್ಯೂ ರಸ್ತೆ, ಅಂದರೆ ಹಳೆಯ ದೊಡ್ಡಪೇಟೆ, ಪುಸ್ತಕದಂಗಡಿಗಳಿಗೂ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಗೂ ಹೆಸರಾದದ್ದು. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಕನ್ನಡದ ಪಾಲನ್ನು ಲೆಕ್ಕ ಹಾಕುವವರು ಮೊದಲ ರಸ್ತೆಯ ಕಡೆಗಷ್ಟೇ ನೋಡುತ್ತಾರೆ. ಎರಡನೆಯದಕ್ಕೂ ಕಾಲಿಡಬೇಕು ಎಂಬುದು ನನ್ನ ವಾದ.

1954ರಲ್ಲಿ ಶುರುವಾದ ಈ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕಥಾಚಿತ್ರದ ಗೌರವ ಕನ್ನಡಕ್ಕೆ ಆರು ಸಲ ಬಂದಿದೆ: ಸಂಸ್ಕಾರ (1970), ಚೋಮನ ದುಡಿ (1975), ಘಟಶ್ರಾದ್ಧ (1977), ತಬರನ ಕಥೆ (1986), ತಾಯಿ ಸಾಹೇಬ (1997), ದ್ವೀಪ (2001). ಇವು ಪ್ರಶಸ್ತಿ ಸಾಲಿನ ಇಸವಿಗಳು. ರಾಷ್ಟ್ರಪತಿಗಳು ಪ್ರದಾನ ಮಾಡುವ ಸಮಾರಂಭ ಆಮೇಲಿನದು, ದ್ವೀಪ ತೆರೆಗೆ ಬಂದದ್ದೇ 2002ರಲ್ಲಿ. ಲೇಖನಗಳಲ್ಲಿ ಇಸವಿಗಳು ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ಇದೂ ಕಾರಣ. ಜಿ.ವಿ. ಅಯ್ಯರ್ ಅವರ ಆದಿ ಶಂಕರಾಚಾರ್ಯ (1983) ಇದೇ ಗೌರವ ಪಡೆದರೂ ಅದರ ಭಾಷೆ ಸಂಸ್ಕೃತ, ಹಾಗಾಗಿ ಈ ಪಟ್ಟಿಗೆ ಸೇರದು.

ಆರಕ್ಕೆ ಆರೂ ಅಚ್ಚಾದ ಕೃತಿಗಳಿಂದ ಹುಟ್ಟಿದವು. ಸಂಸ್ಕಾರ, ಘಟಶ್ರಾದ್ಧ ಯು.ಆರ್. ಅನಂತಮೂರ್ತಿಯವರವು, ಚೋಮನ ದುಡಿ ಶಿವರಾಮ ಕಾರಂತರದು, ತಬರನ ಕಥೆ ಪೂರ್ಣಚಂದ್ರ ತೇಜಸ್ವಿಯವರದು, ತಾಯಿ ಸಾಹೇಬ ರಂ.ಶಾ. ಲೋಕಾಪುರ ಅವರದು, ದ್ವೀಪ ನಾ. ಡಿಸೋಜ ಅವರದು. ಕೊನೆಯ ನಾಲ್ಕು ಚಿತ್ರಗಳ ನಿರ್ದೇಶಕರು ಗಿರೀಶ ಕಾಸರವಳ್ಳಿ ಒಬ್ಬರೇ ಆದ್ದರಿಂದ ಇದನ್ನು ಅವರ ಅಭಿರುಚಿಯೆಂದು ಬದಿಗೆ ಸರಿಸಬಹುದು. ಆದರೆ ಅವರಿಗೂ ಮೊದಲು ಸಂಸ್ಕಾರದ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ, ಚೋಮನ ದುಡಿಯ ಬಿ.ವಿ. ಕಾರಂತ ತುಳಿದದ್ದು ಇದೇ ದಾರಿ.

ಅಷ್ಟೇ ಆಗಿದ್ದರೆ 'ಸಾಹಿತ್ಯಾಧಾರಿತ ಚಿತ್ರ' ಎಂಬ ಸವೆದ ಮಾತು ಸಾಕಿತ್ತು. ನನಗೆ ಮುಖ್ಯವೆನಿಸುವುದು ಕೃತಿಗಳ ಗಾತ್ರ. ಘಟಶ್ರಾದ್ಧ, ತಬರನ ಕಥೆ ಎರಡೂ ಕಥೆಗಳು. ಸಂಸ್ಕಾರ, ಚೋಮನ ದುಡಿ, ದ್ವೀಪ ಕಿರು ಕಾದಂಬರಿಗಳು. ಕನ್ನಡದ ದಪ್ಪ ಕಾದಂಬರಿಗಳು ಚಿತ್ರಗಳಾಗಲಿಲ್ಲವೆಂದಲ್ಲ. ಭೈರಪ್ಪನವರ ವಂಶವೃಕ್ಷವನ್ನು ತೆರೆಗೆ ತಂದ ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರಿಗೆ 1971ರ ಸಾಲಿನ ನಿರ್ದೇಶನದ ಪ್ರಶಸ್ತಿಯೇ ಬಂತು. ಆದರೂ ಅತ್ಯುತ್ತಮ ಚಿತ್ರದ ಪದಕವಾದ ಸ್ವರ್ಣ ಕಮಲ ಹೆಚ್ಚಾಗಿ ಒಲಿದದ್ದು ಸಣ್ಣ ಪುಸ್ತಕಕ್ಕೆ. ಉಳಲು ತುಂಡು ನೆಲ ಬೇಡುವ ಚೋಮ, ಪಿಂಚಣಿಗಾಗಿ ಕಚೇರಿ ಸುತ್ತುವ ತಬರ, ಏರುವ ಅಣೆಕಟ್ಟೆ ನೀರಿನ ನಡುವೆ ಉಳಿಯುವ ಒಂದು ಮನೆ: ಒಬ್ಬ ಮನುಷ್ಯ, ಒಂದು ಬೇಡಿಕೆ, ಅದನ್ನು ತಡೆಯುವ ಒಂದು ವ್ಯವಸ್ಥೆ. ಕಡಿಮೆ ದುಡ್ಡಿನ, ಹಾಡು-ಹೊಡೆದಾಟವಿಲ್ಲದ ಚಿತ್ರಕ್ಕೆ ಹೊರಲಾಗುವ ಭಾರವೂ ಅಷ್ಟೇ.

ಕೃತಿಗೂ ಚಿತ್ರಕ್ಕೂ ನಡುವಿನ ಅಂತರದಲ್ಲಿ ಮಾತ್ರ ಯಾವ ನಿಯಮವೂ ಕಾಣದು. 1965ರ ಸಂಸ್ಕಾರ ಐದೇ ವರ್ಷಕ್ಕೆ ಚಿತ್ರವಾಯಿತು, ಸೆನ್ಸಾರ್ ತಡೆಯನ್ನೂ ದಾಟಿತು. 1933ರ ಚೋಮನ ದುಡಿ 42 ವರ್ಷ ಕಾಯಿತು.

ಅತ್ಯುತ್ತಮ ಚಿತ್ರದ ಪದಕ ಸಲ್ಲುವುದು ನಿರ್ಮಾಪಕರಿಗೆ, ನಿರ್ದೇಶಕರಿಗೆ. ಜಯಮಾಲಾ (ತಾಯಿ ಸಾಹೇಬ), ಸೌಂದರ್ಯ (ದ್ವೀಪ) ತಮ್ಮ ಚಿತ್ರಗಳ ನಾಯಕಿಯರಾಗಿದ್ದರೂ ಸ್ವರ್ಣ ಕಮಲ ಪಡೆದದ್ದು ನಿರ್ಮಾಪಕಿಯರಾಗಿ. ಮೂಲ ಲೇಖಕರಿಗೆ ಈ ಪದಕದಲ್ಲಿ ಪಾಲಿಲ್ಲ. ನಟರ ಪಟ್ಟಿ ನೋಡಿದರೂ ಪುಸ್ತಕ ಬೆನ್ನು ಬಿಡದು. ಕನ್ನಡ ಚಿತ್ರಗಳ ಪಾತ್ರಕ್ಕೆ ಅತ್ಯುತ್ತಮ ನಟ ಎನಿಸಿದ ಎಂ.ವಿ. ವಾಸುದೇವರಾವ್ (ಚೋಮ), ಚಾರುಹಾಸನ್ (ತಬರ), ಸಂಚಾರಿ ವಿಜಯ್ (ನಾನು ಅವನಲ್ಲ ಅವಳು) ಮೂವರೂ ಅಚ್ಚಾದ ಬರಹದಿಂದ ಎದ್ದುಬಂದ ಪಾತ್ರಗಳಲ್ಲಿದ್ದರು. ಮೂರನೆಯದರ ಮೂಲ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ. 2022ರ ಸಾಲಿನಲ್ಲಿ ಕಾಂತಾರಕ್ಕಾಗಿ ರಿಷಬ್ ಶೆಟ್ಟಿ ಈ ಸರಣಿ ಮುರಿದರು.

ಹುಡುಕುವವರಿಗೊಂದು ಸೂಚನೆ. ಗೈಡುಗಳು, ಎಂಜಿನಿಯರಿಂಗ್ ಪಠ್ಯಗಳೇ ತುಂಬಿರುವ ಅವೆನ್ಯೂ ರಸ್ತೆಯಲ್ಲಿ 'ತಬರನ ಕಥೆ' ಬೇಕೆಂದರೆ ಕೇಳಬೇಕಾದದ್ದು 1973ರ ಅಬಚೂರಿನ ಪೋಸ್ಟಾಫೀಸು ಸಂಕಲನವನ್ನು. ಅದರ ಶೀರ್ಷಿಕೆ ಕಥೆ ಎನ್. ಲಕ್ಷ್ಮೀನಾರಾಯಣ್ ಕೈಯಲ್ಲಿ ಚಿತ್ರವಾಗಿದೆ. ಅದೇ ಸಂಕಲನದ ಡೇರ್‌ಡೆವಿಲ್ ಮುಸ್ತಫಾ 2023ರಲ್ಲಿ ತೆರೆ ಕಂಡಿತು.