ಗಡಾಯಿಕಲ್ಲಿನ ಕೋಟೆ

ಬಂಟ್ವಾಳದ ಕಡೆಯ ಒಂದು ಹಳೆಯ ಮನೆಯ ಗೋಡೆಯನ್ನು ಗಮನಿಸಿ ನೋಡಿರಿ. ಗಾರೆ ಉದುರಿದಲ್ಲಿ ಕಾಣುವುದು ಕೆಂಪು ಮುರಕಲ್ಲು. ಅಗೆದು ತೆಗೆಯುವಾಗ ಮೆತ್ತಗೆ, ಗಾಳಿ ಬಿಸಿಲು ತಗುಲಿದ ಮೇಲೆ ಗಟ್ಟಿ. ಯುಗಯುಗಗಳ ಮಳೆಯು ಬಂಡೆಯೊಳಗೆ ಕರಗುವುದನ್ನೆಲ್ಲ ತೊಳೆದೊಯ್ದು, ಕಬ್ಬಿಣದಂತಹ ಅಂಶಗಳನ್ನು ಉಳಿಸಿದುದರಿಂದ ಆದ ಕಲ್ಲು ಇದು. ಮೈಯೆಲ್ಲ ತೂತು, ಆದುದರಿಂದ ನೀರನ್ನು ಕುಡಿಯುತ್ತದೆ, ಬಾವಿಗೂ ಕೊಡುತ್ತದೆ.

ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. 1800ರಲ್ಲಿ ಮಲಬಾರಿನ ಅಂಗಡಿಪುರದಲ್ಲಿ ಈ ಕಲ್ಲನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಆ ಹೆಸರನ್ನು ಕಟ್ಟಿದನು. ಜಂಬಿಟ್ಟಿಗೆ ಎಂಬ ನಮ್ಮ ಮಾತಿನಲ್ಲಿಯೂ ಇಟ್ಟಿಗೆ ಇದೆಯಲ್ಲವೆ?

1801ರ ಮೊದಲಲ್ಲಿ ಅದೇ ಬುಕಾನನ್ ಬೆಳ್ತಂಗಡಿಯ ಸೀಮೆಗೂ ಬಂದನು. ಅಲ್ಲಿ ಆತನಿಗೆ ಎದುರಾದ ಕಲ್ಲು ಬೇರೆಯೇ ಜಾತಿಯದು. ಬೆಳ್ತಂಗಡಿ ಪೇಟೆಯಿಂದ ಸುಮಾರು 8 ಕಿಲೋಮೀಟರು ಹೋದರೆ ನಿಮಗೂ ಅದು ಎದುರಾಗುತ್ತದೆ: ಅಡಕೆ ತೋಟಗಳ ನಡುವಿನಿಂದ ನೆಟ್ಟಗೆ ಎದ್ದ ಒಂದೇ ಬಂಡೆ, ಗಡಾಯಿಕಲ್ಲು. ಸಮುದ್ರಮಟ್ಟದಿಂದ ಸುಮಾರು 1,700 ಅಡಿ. ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯ ಕಂಬಗಳನ್ನು ನೋಡಿದವರಿಗೆ ಈ ಕಗ್ಗಲ್ಲಿನ ಬಳಗದ ಪರಿಚಯ ಉಂಟು. ಅಂತಹ ನಯವಾದ ಕೆತ್ತನೆಗೆ ಮುರಕಲ್ಲು ಒಗ್ಗುವುದಿಲ್ಲ. ನೆಲದಾಳದಲ್ಲಿ ಹುಟ್ಟಿ, ಸುತ್ತಲಿನ ಮೆದುಭಾಗ ಸವೆದ ಮೇಲೆ ಹೊರಗೆ ನಿಂತ ಗ್ರಾನೈಟ್ ಜಾತಿಯ ಕಲ್ಲಿದು. ಹನಿ ನೀರನ್ನೂ ಹೀರದು.

ನರಸಿಂಹಗಡವೆಂಬ ಹಳೆಯ ಹೆಸರಿದ್ದ ಈ ಬಂಡೆಯ ಮೇಲೆ ಟಿಪ್ಪೂ ಸುಲ್ತಾನನು 1794ರಲ್ಲಿ ಕೋಟೆ ಕಟ್ಟಿಸಿ, ಜಮಾಲಾಬಾದ್ ಎಂದು ಕರೆದನು. ಕಟ್ಟಿಸಿದನು ಎನ್ನುವುದಕ್ಕಿಂತ, ಬಂಡೆಯೇ ಕಟ್ಟಿಕೊಟ್ಟ ಕೋಟೆಗೆ ತಲೆಯ ಮೇಲೊಂದು ಗೋಡೆ ಇಡಿಸಿದನು ಎಂದರೆ ಸರಿಯಾದೀತು. ಏರುವುದಕ್ಕೆ ಒಂದೇ ಇಕ್ಕಟ್ಟಾದ ದಾರಿ. ಕಲ್ಲಿನಲ್ಲಿಯೇ ಕಡಿದ 1,876 ಮೆಟ್ಟಿಲುಗಳೆಂದು ಲೆಕ್ಕ ಹೇಳುತ್ತಾರೆ. ಮೇಲಿನಿಂದ ಬರಿಯ ಕಲ್ಲುಗುಂಡು ಉರುಳಿಸಿದರೂ ಸಾಕು, ದಂಡು ಹಿಂದಿರುಗಬೇಕು.

ಆದರೆ ಹತ್ತಲಾಗದ ಬಂಡೆಯು ಇಳಿಯಲಾಗದ ಬಂಡೆಯೂ ಹೌದು. ಅಕ್ಕಿ, ಮದ್ದು, ಗುಂಡು ಎಲ್ಲವೂ ಆ ಒಂದೇ ದಾರಿಯಲ್ಲಿ ಬರಬೇಕು. ಬಾವಿ ತೋಡೋಣವೆಂದರೆ ಕಲ್ಲು ನೀರು ಕೊಡದು. ಮಳೆನೀರು ಹಿಡಿದಿಡುವ ಒಂದು ಕೊಳವೇ ಗತಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆಯೂ ಇಲ್ಲಿನ ಪಾಳೆಯ ಕೆಲಕಾಲ ಕಾದಾಡಿ, ಅದೇ ವರ್ಷ ಇಂಗ್ಲಿಷರಿಗೆ ಸೋತಿತು. ಮರುವರ್ಷ ತಿಮ್ಮನಾಯಕನು ಹಠಾತ್ತಾಗಿ ಕೋಟೆಯನ್ನು ಹಿಡಿದನು. ಇಂಗ್ಲಿಷರು ಬುಡದಲ್ಲಿ ದಾರಿಕಟ್ಟಿ ಕುಳಿತರು. ಕೊನೆಗೆ ಕೋಟೆ ಅವರ ಕೈಸೇರಿತು. ಬುಕಾನನ್ ಬಂದುದು ಆ ಗದ್ದಲ ಇನ್ನೂ ಹಸಿಯಾಗಿದ್ದಾಗ.

ಇಂದು ಗಡಾಯಿಕಲ್ಲು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ಉದ್ಯಾನವು 1987ರಲ್ಲಿ ಘೋಷಿತವಾಯಿತು. ವಿಸ್ತಾರ ಸುಮಾರು 600 ಚದರ ಕಿಲೋಮೀಟರು. ಘಟ್ಟದ ಮೇಲಿನ ಕುದುರೆಮುಖದ ಕತೆಯೂ ಕಲ್ಲಿನದೇ. ಅಲ್ಲಿನ ಕಬ್ಬಿಣದ ಅದಿರನ್ನು 1913ರಲ್ಲಿ ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರರು ಗುರುತಿಸಿದರು; 1976ರಲ್ಲಿ ಗಣಿ ಕಂಪನಿ ಹುಟ್ಟಿತು; ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಬಂಟ್ವಾಳವನ್ನು ಹಾದುಹೋಗುವ ನೇತ್ರಾವತಿಯ ಮೂಲವೂ ಈ ಬೆಟ್ಟಗಳಲ್ಲಿಯೇ ಇದೆ ಎಂದ ಮೇಲೆ, ಅಲ್ಲಿ ನಡೆಯುವುದು ಕೆಳಗಿನ ಊರುಗಳಿಗೆ ಪರರ ಸಂಗತಿಯಲ್ಲ.

ಹೋಗುವುದಾದರೆ ಅರಣ್ಯ ಇಲಾಖೆಯವರನ್ನು ಮೊದಲೇ ವಿಚಾರಿಸಿರಿ. ಮಳೆಗಾಲ ಬೇಡ, ಮೆಟ್ಟಿಲು ಪಾಚಿಗಟ್ಟಿ ಜಾರುತ್ತದೆ. ಬೆಳಗಿನ ತಂಪಿನಲ್ಲಿಯೇ ಹತ್ತಿರಿ. ಕುಡಿಯುವ ನೀರನ್ನು ಹೊತ್ತುಕೊಂಡೇ ಹೋಗಬೇಕು, ಟಿಪ್ಪುವಿನ ಸಿಪಾಯಿಗಳಿಗೆ ಇದ್ದ ಕಷ್ಟ ಇಂದಿಗೂ ತಪ್ಪಿಲ್ಲ. ಮೇಲೆ ಮುರಿದ ಗೋಡೆಗಳು, ಬಿದ್ದ ಒಂದು ಫಿರಂಗಿ, ಆ ಕೊಳ ಇವಿಷ್ಟೇ ಉಳಿದಿವೆ. ಮೂಡಲಿಗೆ ತಿರುಗಿದರೆ ಘಟ್ಟದ ಗೋಡೆ.